ಮುಂದೆ ಬಾಲವಿದ್ದ ಕಾರು

ನಮ್ಮ ಕಾರಿಗೆ ಮುಂದುಗಡೆ ಒಂದು ಬಾಲವಿತ್ತು. ನಂಬರ್ ಪ್ಲೇಟಿನ ಮೇಲೆ, ಗ್ರಿಲ್ಲಿನ ಸಂದಿಯಿಂದ ಒಂದು ಗೇಣು ಕಪ್ಪು ವಯರು ಹೊರಗೆ ಇಣುಕಿ, ತುದಿಯಲ್ಲಿ ಮೂರು ಪಿನ್ನಿನ ಪ್ಲಗ್ಗೊಂದನ್ನು ಹೊತ್ತುಕೊಂಡು ನೇತಾಡುತ್ತಿತ್ತು. ದುಬೈಯ ಇಂಟರ್‌ನ್ಯಾಷನಲ್ ಸಿಟಿಯ ನಮ್ಮ ಪಾರ್ಕಿಂಗಿನಲ್ಲಿ ಅದನ್ನು ನೋಡಿ ಸುಮ್ಮನೆ ಹೋದವರು ಕಡಿಮೆ. ನಮ್ಮ ಕಟ್ಟಡದ ನೇಪಾಳಿ ವಾಚ್‌ಮ್ಯಾನ್ ಮೊದಲ ದಿನವೇ ಸುತ್ತು ಹಾಕಿ ಬಂದು, “ಸಾಬ್, ಇಲೆಕ್ಟ್ರಿಕ್ ಗಾಡಿ?” ಎಂದು ಕೇಳಿದ್ದ. ಅವನ ದನಿಯಲ್ಲಿ ಎಷ್ಟು ಮರ್ಯಾದೆ ಇತ್ತೆಂದರೆ ಇಲ್ಲ ಎನ್ನಲು ನನಗೆ ಮನಸ್ಸು ಬರಲಿಲ್ಲ. ಹೌದೂ ಅಲ್ಲ, ಅಲ್ಲವೂ ಅಲ್ಲ ಎನ್ನುವ ಹಾಗೆ ತಲೆ ಆಡಿಸಿ ಒಳಗೆ ಹೋದೆ. ಆ ಮರ್ಯಾದೆ ಅವನು ನನ್ನನ್ನು ಪೆಟ್ರೋಲ್ ಬಂಕಿನಲ್ಲಿ ನೋಡುವವರೆಗೆ ಬಾಳಿತು.

ಕಾರು ಶಾರ್ಜಾದ ಒಂದು ಯಾರ್ಡಿನಲ್ಲಿ ಸಿಕ್ಕಿದ್ದು. ಕೆನಡಾದಲ್ಲಿ ಯಾರೋ ಓಡಿಸಿ, ಸಾಕೆನಿಸಿ ಮಾರಿ, ಹಡಗು ಹತ್ತಿ ಇಲ್ಲಿಗೆ ಬಂದ ಕಾರು. ಅಂಥವು ಇಲ್ಲಿ ಬೇಕಾದಷ್ಟಿವೆ. ಈ ವಯರು ಎಂಥದ್ದು ಎಂದು ಕೇಳಿದಾಗ ಯಾರ್ಡಿನವನು ಒಂದು ಕ್ಷಣವೂ ತಡವರಿಸದೆ, “ಸ್ಪೆಷಲ್ ಆಪ್ಷನ್ ಸರ್, ಇಲ್ಲಿಯ ಗಾಡಿಗಳಲ್ಲಿ ಯಾವುದಕ್ಕೂ ಇಲ್ಲ,” ಎಂದಿದ್ದ. ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ.

ಗುಟ್ಟು ಬಿಡಿಸಿದ್ದು ನನ್ನ ಮಗಳು ದಿಶಾ. ಹತ್ತನೇ ಕ್ಲಾಸಿನ ಹುಡುಗಿ, ನಾನು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ಉತ್ತರಿಸುವವಳು. ಫೋನಿನಲ್ಲಿ ಹುಡುಕಿ, “ಡ್ಯಾಡ್, ಇಟ್ಸ್ ಎ ಬ್ಲಾಕ್ ಹೀಟರ್,” ಎಂದಳು. ಕೆನಡಾದಲ್ಲಿ ಚಳಿಗಾಲ ಬಂತೆಂದರೆ ಎಂಜಿನ್ನಿನೊಳಗಿನ ಆಯಿಲ್ ಗಟ್ಟಿ ತುಪ್ಪದ ಹಾಗೆ ಆಗಿಬಿಡುತ್ತದಂತೆ. ರಾತ್ರಿ ಮಲಗುವ ಮೊದಲು ಕಾರಿನ ಈ ಪ್ಲಗ್ಗನ್ನು ಮನೆಯ ಗೋಡೆಗೆ ಚುಚ್ಚಿಟ್ಟರೆ, ನಾವು ಸ್ನಾನದ ಬಕೆಟ್ಟಿಗೆ ಇಳಿಬಿಡುವ ಕಾಯಿಲ್ ಇದೆಯಲ್ಲ, ಅಂಥದ್ದೇ ಒಂದು ಎಂಜಿನ್ನಿನ ಹೊಟ್ಟೆಯಲ್ಲಿ ಕುಳಿತು ನೀರು ಬಿಸಿ ಮಾಡುತ್ತದೆ. ಬೆಳಿಗ್ಗೆ ಕಾರು ತಕರಾರಿಲ್ಲದೆ ಏಳುತ್ತದೆ. ಇಷ್ಟು ವಿವರಿಸಿ ಅವಳು ಕಿಟಕಿಯಾಚೆಯ ಬಿಸಿಲನ್ನೊಮ್ಮೆ ನನ್ನನ್ನೊಮ್ಮೆ ನೋಡಿ, “ವಿ ಲಿವ್ ಇನ್ ಎ ಡೆಸರ್ಟ್,” ಎಂದು ಎದ್ದು ಹೋದಳು. ಬಾಗಿಲು ಮುಟ್ಟಿದರೆ ಕೈ ಸುಡುವ ಊರಿನಲ್ಲಿ ನಾನು ಎಂಜಿನ್ ಕಾಯಿಸುವ ಕಾರು ಕೊಂಡಿದ್ದೆ. ಹೆಂಡತಿ ಶಶಿಯ ನಗು ಅಡುಗೆಮನೆಯಿಂದ ಬಹಳ ಹೊತ್ತು ಕೇಳಿಸಿತು.

ಹಾಗೆಂದು ಏಳದ ಗಾಡಿಗಳ ಪರಿಚಯ ನನಗೆ ಇರಲಿಲ್ಲ ಎಂದಲ್ಲ. ಊರಿನಲ್ಲಿ, ಹಿರಿಯಡ್ಕದಲ್ಲಿ, ನಮ್ಮ ಶಾಲೆಯ ಎದುರಿಗಿದ್ದ ಡಾಕ್ಟರ ಅಂಬಾಸಿಡರ್ ತಿಂಗಳ ಅರ್ಧದಷ್ಟು ದಿನ ಏಳುತ್ತಿರಲಿಲ್ಲ. ಡಾಕ್ಟರು ಒಳಗೆ ಕುಳಿತು ಕೀ ತಿರುಗಿಸುವಾಗ ನಾವು ಹುಡುಗರು ಗೇಟಿನ ಹತ್ತಿರ ಉಸಿರು ಬಿಗಿಹಿಡಿದು ನಿಲ್ಲುತ್ತಿದ್ದೆವು. ಎದ್ದುಬಿಟ್ಟರೆ ನಮ್ಮ ಮುಖ ಸಪ್ಪೆ. ಏಳದಿದ್ದರೆ ಡಾಕ್ಟರು ಕಿಟಕಿಯಿಂದ ಕೈ ಹೊರಗೆ ಹಾಕಿ “ದೂಡಿ ಮಕ್ಳೇ” ಎನ್ನುತ್ತಿದ್ದರು, ನಾವು ಯಾರು ಹಿಂದೆ ಯಾರು ಬದಿಗೆ ಎಂದು ಜಗಳಾಡುತ್ತಲೇ ದೂಡುತ್ತಿದ್ದೆವು. ಎಂಜಿನ್ ಒಮ್ಮೆ ಕೆಮ್ಮಿ ಹೊಗೆಯನ್ನೆಲ್ಲ ನಮ್ಮ ಮುಖಕ್ಕೆ ಬಿಟ್ಟು ಹೊರಟಾಗ ಆಗುತ್ತಿದ್ದ ಸಂತೋಷ ಪರೀಕ್ಷೆಯಲ್ಲಿ ಫಸ್ಟು ಬಂದಾಗಲೂ ಆಗಲಿಲ್ಲ. ಫಸ್ಟು ನಾನು ಬಂದದ್ದೂ ಇಲ್ಲ, ಅದು ಬೇರೆ ಮಾತು. ಆಚೆ ಬದಿಯಲ್ಲಿ ಡಾಕ್ಟರಿಗಾಗಿ ಯಾವುದೋ ಮನೆಯಲ್ಲಿ ಯಾರೋ ದಾರಿ ಕಾಯುತ್ತಿರಬಹುದು ಎಂಬುದು ಆ ವಯಸ್ಸಿಗೆ ತಲೆಗೆ ಹೋಗುತ್ತಿರಲಿಲ್ಲ. ಈಗ ಕೀ ತಿರುಗಿಸುವವನು ನಾನು. ಸ್ಟಾರ್ಟರು ಒಂದು ಸಲ ಹೆಚ್ಚು ಕುಂಯ್ ಎಂದರೂ ದೂಡಲು ಯಾರಾದರೂ ಇದ್ದಾರೋ ಎಂದು ಕನ್ನಡಿಯಲ್ಲಿ ಹಿಂದೆ ನೋಡುತ್ತೇನೆ.

ಕಳೆದ ಜನವರಿಯಲ್ಲಿ ನನ್ನ ಮಾವ ವಿಸಿಟ್ ವೀಸಾದಲ್ಲಿ ಬಂದರು. ಮಾವ ಎಂದರೆ ಶಶಿಯ ಅಪ್ಪ. ಕಾರ್ಕಳದಿಂದ ಕುದುರೆಮುಖಕ್ಕೆ ಹೋಗುತ್ತಿದ್ದ ಸರ್ವಿಸ್ ಬಸ್ಸನ್ನು ಆಯುಷ್ಯವಿಡೀ ಓಡಿಸಿದವರು. ಕುದುರೆಮುಖದಲ್ಲಿ ಬಸ್ಸಿಗೆ ರಾತ್ರಿ ಹಾಲ್ಟು. ಬೆಳಗ್ಗಿನ ಆ ಚಳಿಗೆ ಡೀಸೆಲ್ ಎಂಜಿನ್ ಏಳಬೇಕಾದರೆ ಮಾವ ಕಂಡಕ್ಟರನನ್ನು ಹೋಟೆಲಿನ ಬಚ್ಚಲಿಗೆ ಓಡಿಸಿ, ಹಂಡೆಯಿಂದ ಬಿಸಿನೀರು ತರಿಸಿ ರೇಡಿಯೇಟರಿಗೆ ಹೊಯ್ಯುತ್ತಿದ್ದರಂತೆ. ಅದಕ್ಕೂ ಜಗ್ಗದಿದ್ದರೆ ಇರಲಿ ಎಂದು ಬಸ್ಸನ್ನು ಹಿಂದಿನ ದಿನವೇ ಇಳಿಜಾರಿನಲ್ಲಿ ನಿಲ್ಲಿಸಿ ಚಕ್ರಕ್ಕೆ ಕಲ್ಲು ಕೊಟ್ಟಿರುತ್ತಿದ್ದರು. ದುಬೈಗೆ ಬಂದ ಮರುದಿನ ನಮ್ಮ ಪಾರ್ಕಿಂಗಿಗೆ ಒಂದು ಸುತ್ತು ಹಾಕಿ ಬಂದು ಅವರು ಹೇಳಿದ ಮೊದಲ ಮಾತು, “ಇಲ್ಲಿ ಒಂದು ಇಳಿಜಾರು ಸಹ ಇಲ್ಲ ಅಲ್ಲ ಮಾರಾಯ್ರೆ. ಗಾಡಿ ಕೈಕೊಟ್ರೆ ಎಂತ ಮಾಡ್ತೀರಿ ನೀವು?” ಅಳಿಯನಿಗೆ ಅವರು ಯಾವಾಗಲೂ ನೀವು ಎಂದೇ ಹೇಳುವುದು. ಮಗಳಿಗೆ ನೀನು, ಮೊಮ್ಮಗಳಿಗೆ ಪುಟ್ಟ.

ಕಾರಿನ ಬಾಲದ ಕಥೆ ಕೇಳಿ ನಗದಿದ್ದವರು ಅವರೊಬ್ಬರೇ. ದಿಶಾ ತನ್ನ ಮುರುಕು ಕನ್ನಡದಲ್ಲಿ ವಿವರಿಸುವಾಗ ಕಿವಿಯ ಹಿಂದೆ ಕೈ ಹಿಡಿದು ಕೇಳಿದರು. ಹಂಡೆಯ ಕೆಲಸವನ್ನು ಒಂದು ವಯರು ಮಾಡುತ್ತದೆ ಎಂದು ತಿಳಿದಾಗ ಕೆಳಗೆ ಹೋಗಿ ಆ ಪ್ಲಗ್ಗನ್ನು ಕೈಯಲ್ಲಿ ಹಿಡಿದು ಧೂಳು ಒರೆಸಿ, “ಭಾರೀ ಬುದ್ಧಿವಂತರು,” ಎಂದು ಕೆನಡಾದವರಿಗೆ ಒಂದು ಸರ್ಟಿಫಿಕೇಟು ಕೊಟ್ಟರು.

ಅದೇ ತಿಂಗಳು ನನ್ನ ಕೆಲಸ ಹೋಯಿತು. ಜುಮೇರಾ ಲೇಕ್ ಟವರ್ಸಿನ ಒಂದು ಆಫೀಸಿನಲ್ಲಿ ಸರಕು ಸಾಗಣೆಯ ಕಾಗದಪತ್ರ ನೋಡಿಕೊಳ್ಳುತ್ತಿದ್ದೆ. ಒಂದು ಮಧ್ಯಾಹ್ನ ಎಚ್.ಆರ್.ನ ಹುಡುಗಿ ಬಹಳ ವಿನಯದಿಂದ ಕರೆದು ಬಹಳ ವಿನಯದಿಂದ ಹೇಳಿದಳು. ಗಲ್ಫಿನಲ್ಲಿ ಕೆಲಸ ಹೋದರೆ ಸಂಬಳ ಮಾತ್ರ ಹೋಗುವುದಲ್ಲ. ನನ್ನ ವೀಸಾ ಕಂಪೆನಿಯದ್ದು, ಹೆಂಡತಿ ಮಗಳ ವೀಸಾ ನನ್ನದು. ನನ್ನದು ರದ್ದಾದರೆ ಎಲ್ಲರೂ ಗಂಟುಮೂಟೆ ಕಟ್ಟಬೇಕು. ನಡುವೆ ಒಂದಿಷ್ಟು ದಿನ ಗ್ರೇಸ್ ಪೀರಿಯಡ್ ಎಂದು ಕೊಡುತ್ತಾರೆ, ಅದು ಮುಗಿಯುವುದರೊಳಗೆ ಮನೆಯಲ್ಲಿ ಯಾರಿಗಾದರೂ ಒಂದು ಕೆಲಸವಾಗಬೇಕು. ದಿಶಾಳ ಬೋರ್ಡ್ ಪರೀಕ್ಷೆ ಬಾಗಿಲಲ್ಲೇ ನಿಂತಿತ್ತು. ಐವತ್ತು ದಾಟಿದ ನನ್ನ ಬಯೋಡೇಟಾ ಎಲ್ಲಿಗೆ ಕಳಿಸಿದರೂ ಉತ್ತರವಿಲ್ಲ. ನನಗೆ ನಿಜವಾಗಿಯೂ ಹೆದರಿಕೆಯಾಗಿತ್ತು. ಮನೆಯಲ್ಲಿ ಜೋಕು ಮಾಡುತ್ತಿದ್ದೆ, ಬಾತ್‌ರೂಮಿನಲ್ಲಿ ನಲ್ಲಿ ಬಿಟ್ಟು ಸುಮ್ಮನೆ ನಿಲ್ಲುತ್ತಿದ್ದೆ.

ಆಗ ಬಂದದ್ದು ಶಶಿಗೆ ಅಬುಧಾಬಿಯ ಒಂದು ಶಾಲೆಯ ಕರೆ. ಅವಳು ಗಣಿತದ ಟೀಚರು. ದಿಶಾ ಸಣ್ಣವಳಿದ್ದಾಗ ಕೆಲಸ ಬಿಟ್ಟವಳು ಮತ್ತೆ ಹೋಗಿರಲಿಲ್ಲ. ಇಂಟರ್‌ವ್ಯೂ ಎಂದರೆ ಡೆಮೊ ಕ್ಲಾಸು. ಬೆಳಿಗ್ಗೆ ಮೊದಲ ಪೀರಿಯಡ್ಡಿನಲ್ಲಿ ಪ್ರಿನ್ಸಿಪಾಲರ ಎದುರು ಮಕ್ಕಳಿಗೆ ಪಾಠ ಮಾಡಿ ತೋರಿಸಬೇಕು. ಕೊಟ್ಟ ವಿಷಯ ವರ್ಗಗಳು, ಎಂದರೆ ಒಂದು ಸಂಖ್ಯೆಯನ್ನು ಅದರಿಂದಲೇ ಗುಣಿಸುವುದು. ಅವಳು ಚೌಕದ ತೋಟ, ತೋಟದ ಬೇಲಿ ಎಂದು ಏನೇನೋ ಚಿತ್ರ ಬರೆದುಕೊಂಡು ಫ್ರಿಜ್ಜಿಗೆ ಪಾಠ ಮಾಡುತ್ತಿದ್ದಳು, ವಾಷಿಂಗ್ ಮೆಷಿನ್ನಿಗೆ ಪ್ರಶ್ನೆ ಕೇಳುತ್ತಿದ್ದಳು. ಈ ಕೆಲಸ ಸಿಕ್ಕಿದರೆ ಶಾಲೆ ಅವಳಿಗೆ ವೀಸಾ ಕೊಡುತ್ತದೆ, ಅವಳು ನಮಗೆ ಕೊಡುತ್ತಾಳೆ.

ಡೆಮೊದ ಹಿಂದಿನ ದಿನ ಸಂಜೆ ಕಾರು ಮೊದಲ ಸಲಕ್ಕೆ ಏಳಲಿಲ್ಲ. ಎರಡನೆಯ ಸಲ ಎದ್ದಿತು. ದುಬೈಯ ಬೇಸಿಗೆ ಬ್ಯಾಟರಿಗಳನ್ನು ತಿಂದು ಹಾಕುತ್ತದೆ, ಚಳಿ ಬಂದಾಗ ಅವು ಕೈಕೊಡುತ್ತವೆ. ಚಳಿ ಎಂದರೆ ಏನು, ಹದಿನಾಲ್ಕೋ ಹದಿಮೂರೋ ಡಿಗ್ರಿ. ಅಷ್ಟಕ್ಕೇ ನಾವಿಲ್ಲಿ ಸ್ವೆಟರು, ಮಫ್ಲರು, ಕಿವಿಗೆ ಟೊಪ್ಪಿ ಹಾಕಿಕೊಂಡು ಹಿಮಾಲಯಕ್ಕೆ ಹೊರಟವರ ಹಾಗೆ ತಿರುಗುತ್ತೇವೆ. ಊಟಕ್ಕೆ ಕೂತಾಗ ನಾನು ಸುಮ್ಮನಿರದೆ, “ನಾಳೆ ಬೆಳಿಗ್ಗೆ ಹೀಗೆ ಮಾಡಿದ್ರೆ ನಮ್ಮ ಕಥೆ ಖಲಾಸ್,” ಎಂದೆ. ಶಶಿ ಗಂಜಿ ಕಲಸುತ್ತಲೇ ಇದ್ದಳು. ಮಾವ ಗಂಜಿಯ ಬಟ್ಟಲು ಕೆಳಗಿಟ್ಟು, “ಬೆಳಿಗ್ಗೆ ಚಳಿ ಜೋರುಂಟಾ?” ಎಂದು ಮಾತ್ರ ಕೇಳಿದರು. ಮಂಜೂ ಉಂಟಂತೆ ಎಂದೆ ನಾನು.

ನಮ್ಮದು ನೆಲಮಹಡಿಯ ಮನೆ, ಪಾರ್ಕಿಂಗಿನ ಮಟ್ಟದ್ದೇ. ಬಾಲ್ಕನಿಯ ಕಂಬಿಯಾಚೆ ಕೈ ಚಾಚಿದರೆ ಕಾರಿನ ಮೂತಿ. ಬೆಳಿಗ್ಗೆ ಎದ್ದಾಗ ಹೊರಗೆ ಮಂಜು ಕವಿದು ಎದುರಿನ ಕಟ್ಟಡ ಕಾಣುತ್ತಿರಲಿಲ್ಲ. ಶಶಿ ಸೀರೆಗೆ ಇಸ್ತ್ರಿ ಹಾಕುತ್ತಿದ್ದಳು, ನಾನು ಚಹಾಕ್ಕೆ ನೀರು ಕಾಯಲಿಟ್ಟಿದ್ದೆ. ಪಟ್ಟೆಂದು ಮನೆಯಿಡೀ ಕತ್ತಲಾಯಿತು. ಇಸ್ತ್ರಿಪೆಟ್ಟಿಗೆ, ಕೆಟಲ್ ಎರಡೂ ಒಟ್ಟಿಗೆ ಹಾಕಿದ್ದಕ್ಕೆ ಟ್ರಿಪ್ ಆಗಿದೆ ಎಂದುಕೊಂಡು ಫೋನಿನ ಬೆಳಕಲ್ಲಿ ಮೀಟರ್ ಬೋರ್ಡು ತೆರೆದು ಬಿದ್ದಿದ್ದ ಸ್ವಿಚ್ಚನ್ನು ಮೇಲೆತ್ತಿದೆ. ದೀಪ ಬಂತು. ಅದರ ಬೆನ್ನಿಗೇ ಬಾಲ್ಕನಿಯ ಹೊರಗೆ ಚಟ್ ಎಂಬ ಸದ್ದು, ಮಾವನ ಕೂಗು, ಮತ್ತೆ ಕತ್ತಲೆ. ರಬ್ಬರು ಸುಟ್ಟ ವಾಸನೆ ಒಳಗೆ ನುಗ್ಗಿತು.

ಹೊರಗೆ ಓಡಿ ನೋಡಿದರೆ ಬಾನೆಟ್ಟಿನ ಸಂದಿಗಳಿಂದ ಹೊಗೆ. ನಮ್ಮ ಹಾಲಿನ ಎಕ್ಸ್‌ಟೆನ್ಷನ್ ಬಾಕ್ಸು, ಯಾವ ದೇಶದ ಪಿನ್ನನ್ನಾದರೂ ನುಂಗುವಂಥದ್ದು, ಬಾಲ್ಕನಿಯ ಕಂಬಿಯಿಂದ ಇಳಿದು ಕಾರಿನ ಮುಂದೆ ಬಿದ್ದಿತ್ತು. ಕಾರಿನ ಬಾಲ ಅರ್ಧ ಕರಗಿ ನೆಲಕ್ಕೆ ಅಂಟಿತ್ತು. ಮಾವ ಪಂಚೆ ಎತ್ತಿ ಕಟ್ಟಿಕೊಂಡು ಆ ಬದಿಯಿಂದ ಈ ಬದಿಗೆ, ಈ ಬದಿಯಿಂದ ಆ ಬದಿಗೆ ಹೋಗುತ್ತಿದ್ದರು. “ಪೆಟ್ರೋಲ್ ಗಾಡಿ! ಪೆಟ್ರೋಲ್ ಗಾಡಿ! ದೂರ ಹೋಗಿ ನೀವು!” ಎಂದು ನನಗೆ ಕೂಗಿದರು. ತಾವು ಮಾತ್ರ ದೂರ ಹೋಗಲಿಲ್ಲ. ನಾನು ಅವರ ರಟ್ಟೆ ಹಿಡಿದು ಎಳೆದೆ. ಶಶಿ ಬಾಲ್ಕನಿಯಲ್ಲಿ ಸೀರೆಯ ಸೆರಗು ಕೈಯಲ್ಲಿ ಹಿಡಿದು ನಿಂತಿದ್ದಳು. ಬೆಂಕಿ ಹತ್ತಿದರೆ ಪಕ್ಕದ ಕಾರುಗಳು, ಪಕ್ಕದ ಮನೆಗಳು ಎಂದೆಲ್ಲ ನನ್ನ ತಲೆಯಲ್ಲಿ ಓಡುತ್ತಿತ್ತು, ಕಾಲು ಮಾತ್ರ ಓಡಲಿಲ್ಲ.

ಆಗ ಮಂಜಿನೊಳಗಿಂದ ಮೊಯ್ದಿನಾಕ ಬಂದರು. ನಮ್ಮ ಎದುರು ಬ್ಲಾಕಿನಲ್ಲಿರುವ ಉಪ್ಪಿನಂಗಡಿಯ ಬ್ಯಾರಿ. ಹತ್ತಿರದ ತರಕಾರಿ ಮಾರ್ಕೆಟ್ಟಿನಿಂದ ಬೆಳಿಗ್ಗೆ ಬೆಳಿಗ್ಗೆ ಮಾಲು ತುಂಬಿಸಿಕೊಂಡು ಅಬುಧಾಬಿಯ ಅಲ್ ಮೀನಾದ ಅಂಗಡಿಗಳಿಗೆ ಹಾಕುವುದು ಅವರ ವ್ಯಾಪಾರ. ಅವತ್ತೂ ಪಿಕಪ್ ತುಂಬಿಸಿ, ಮನೆಗೆ ಬಂದು ಚಹಾ ಕುಡಿದು ಹೊರಟಿದ್ದರು. ಬಂದವರೇ ಗಾಡಿಯಿಂದ ಬೆಂಕಿ ಆರಿಸುವ ಸಿಲಿಂಡರು ತೆಗೆದು ಗ್ರಿಲ್ಲಿನ ಸಂದಿಗೆ ಬುಸ್ಸೆಂದು ಬಿಟ್ಟರು. ಹೊಗೆ ನಿಂತಿತು. ಕಾರು ಬೂದಿ ಬಳಿದುಕೊಂಡ ಸನ್ಯಾಸಿಯ ಹಾಗೆ ಕುಳಿತಿತ್ತು.

“ಎಂತ ಮಾರಾಯ್ರೆ ಇದು?” ಎಂದರು ಮೊಯ್ದಿನಾಕ.

ಮಾವ ಹೇಳಿದರು, “ಗಾಡಿ ಬಿಸಿ ಆಗ್ಲಿ ಅಂತ ಹಾಕಿದ್ದು. ಅದು ಬಿಸಿ ಮಾಡ್ಲಿಕ್ಕೇ ಇರುವ ವಯರು. ಪುಟ್ಟ ಹೇಳಿದ್ದಾಳೆ.”

ಕೆನಡಾದ ಮನೆಗಳಲ್ಲಿ ಬರುವುದು ನೂರಹತ್ತು ಚಿಲ್ಲರೆ ವೋಲ್ಟಿನ ಕರೆಂಟು, ನಮ್ಮ ಗೋಡೆಗಳಲ್ಲಿ ಅದರ ಇಮ್ಮಡಿ. ಅದನ್ನು ಪುಟ್ಟ ಹೇಳಿರಲಿಲ್ಲ, ಪುಟ್ಟಳಿಗೂ ಗೊತ್ತಿರಲಿಲ್ಲ, ನನಗೂ ಹೊಳೆದದ್ದು ಆ ಹೊಗೆಯ ಎದುರು ನಿಂತಾಗಲೇ, ಅದನ್ನೇ ಮೊಯ್ದಿನಾಕನಿಗೆ ಹೇಳಿದೆ.

ಶಶಿ ಬಾಲ್ಕನಿಯಿಂದ ಹೇಳಿದಳು, “ಅಪ್ಪಾ, ಯಾರು ಹೇಳಿದ್ದು ನಿಮ್ಗೆ ಇದನ್ನೆಲ್ಲ ಮಾಡ್ಲಿಕ್ಕೆ?” ದನಿ ಎತ್ತರಿಸಲಿಲ್ಲ. ಎತ್ತರಿಸಿದ್ದರೆ ಚೆನ್ನಾಗಿತ್ತು. ಮಾವ ಕೈಗಳನ್ನು ಸ್ವೆಟರಿನ ಜೇಬಿಗೆ ತುರುಕಿಕೊಂಡು ತಲೆ ತಗ್ಗಿಸಿದರು.

ಆ ಕಾರಿಗೆ ಕೀ ಹಾಕುವ ಧೈರ್ಯ ನನಗಿರಲಿಲ್ಲ. ಟ್ಯಾಕ್ಸಿಗೆ ಫೋನಿನಲ್ಲಿ ಒತ್ತಿದರೆ ಮಂಜಿಗೆ ಗಾಡಿಗಳೇ ಇಲ್ಲ, ಪರದೆಯ ಮೇಲಿನ ಚಕ್ರ ಸುಮ್ಮನೆ ತಿರುಗುತ್ತಿತ್ತು. ಮೊಯ್ದಿನಾಕನಿಗೆ ವಿಷಯ ಹೇಳಿದೆ. ಅವರು ವಾಚು ನೋಡಲಿಲ್ಲ, ಯೋಚನೆಯನ್ನೂ ಮಾಡಲಿಲ್ಲ. “ಬನ್ನಿ, ಯಲ್ಲಾ, ನಾನು ಹೋಗುವುದು ಅಲ್ಲಿಗೇ ಅಲ್ವಾ. ಕೊತ್ತಂಬರಿ ಸೊಪ್ಪಿನ ವಾಸನೆ ಬರ್ತದೆ, ಮೇಡಂ ಬೇಜಾರು ಮಾಡ್ಬಾರ್ದು ಅಷ್ಟೆ.” ದಿಶಾಳನ್ನು ಶಾಲೆಯ ಬಸ್ಸಿನ ತನಕ ಬಿಡಲು ಪಕ್ಕದ ಮನೆಯವರು ಒಪ್ಪಿದರು. ಪಿಕಪ್ಪಿನಲ್ಲಿ ಎರಡು ಸಾಲು ಸೀಟಿತ್ತು. ನಾವಿಬ್ಬರು ಹತ್ತುವಾಗ ಶಶಿ ತಿರುಗಿ, “ಅಪ್ಪನೂ ಬರ್ಲಿ,” ಎಂದಳು. ಅದು ಪ್ರೀತಿಯ ಕರೆಯಾಗಿರಲಿಲ್ಲ. ಮನೆಯಲ್ಲಿ ಒಬ್ಬರೇ ಬಿಟ್ಟರೆ ಇನ್ನೇನು ರಿಪೇರಿ ಮಾಡಲು ಹೊರಡುತ್ತಾರೋ ಎಂಬ ಭಯ. ಮಾವನಿಗೂ ಅದು ಅರ್ಥವಾಯಿತು. ಪಂಚೆ ಬದಲಿಸದೆ ಹಾಗೆಯೇ ಬಂದು ಮೊಯ್ದಿನಾಕನ ಪಕ್ಕ ಮುಂದಿನ ಸೀಟಿನಲ್ಲಿ ಕುಳಿತರು.

ಹೆದ್ದಾರಿಯಲ್ಲಿ ಮಂಜು ಇನ್ನೂ ದಟ್ಟವಾಗಿತ್ತು. ವೇಗ ಇಳಿಸಿ ಎಂದು ಫಲಕಗಳು ಮಿಣುಕುತ್ತಿದ್ದವು, ಮುಂದಿನ ಲಾರಿಯ ಕೆಂಪು ದೀಪ ಮೂಗಿನ ಮುಂದೆ ಬಂದ ಮೇಲೆ ಕಾಣುತ್ತಿತ್ತು. ಸಾಲುಗಟ್ಟಿ ತೆವಳುತ್ತಾ ಹೋದೆವು. ನಾನು ಶಶಿಯ ಮುಖ ನೋಡುವುದು, ಫೋನಿನಲ್ಲಿ ದಾರಿ ನೋಡುವುದು, ಮತ್ತೆ ಅವಳ ಮುಖ ನೋಡುವುದು. ತಲುಪುವ ಹೊತ್ತು ಮುಂದೆ ಮುಂದೆ ಹೋಗುತ್ತಿತ್ತು. ಜೀವಮಾನವಿಡೀ ಸ್ಟೇರಿಂಗ್ ಹಿಡಿದ ಮಾವ ಬೇರೆಯವರ ಗಾಡಿಯಲ್ಲಿ ಕುಳಿತರೆ ಬಾಯಿ ಸುಮ್ಮನಿರುವುದೇ ಇಲ್ಲ, ಬ್ರೇಕು ಎನ್ನುತ್ತಾರೆ, ಹಾರ್ನು ಎನ್ನುತ್ತಾರೆ. ಅವತ್ತು ಒಂದು ಶಬ್ದವಿಲ್ಲ. ಅದು ನನಗೆ ಮಂಜಿಗಿಂತ ಹೆಚ್ಚು ಹೆದರಿಕೆ ಹುಟ್ಟಿಸಿತು.

ಮೌನ ತಾಳಲಾರದೆ ಮಾತೆತ್ತಿದವರು ಮೊಯ್ದಿನಾಕ. “ಅಲ್ಲ, ನನ್ಗೊಂದು ಡೌಟು. ಕರೆಂಟು ಡಬಲ್ ಅಂತ ಅಲ್ವಾ ನೀವು ಹೇಳಿದ್ದು? ಡಬಲ್ ಕರೆಂಟಿಗೆ ಡಬಲ್ ಬಿಸಿ ಆಗ್ಬೇಕು. ಡಬಲ್ ಬಿಸಿಗೆ ವಯರು ಹೀಗೆ ಕರಗ್ತದಾ?”

“ಡಬಲ್ ಅಲ್ಲ, ನಾಲ್ಕು ಪಾಲು,” ಎಂದಳು ಶಶಿ. ಮನೆ ಬಿಟ್ಟ ಮೇಲೆ ಅವಳ ಮೊದಲ ಮಾತು. “ವೋಲ್ಟು ಎರಡು ಪಾಲಾದ್ರೆ ಬಿಸಿ ನಾಲ್ಕು ಪಾಲಾಗ್ತದೆ. ವರ್ಗ.”

ಮುಂದಿನ ಸೀಟಿನಲ್ಲಿ ಮಾವನ ಹೆಗಲು ಇನ್ನಷ್ಟು ಕುಗ್ಗಿತು. ತಪ್ಪು ಎರಡು ಪಾಲು ಎಂದುಕೊಂಡು ಕುಳಿತಿದ್ದವರಿಗೆ ನಾಲ್ಕು ಪಾಲೆಂದು ಮಗಳೇ ಲೆಕ್ಕ ಒಪ್ಪಿಸಿದ್ದಳು. ಆದರೆ ಶಶಿ ಅತ್ತ ನೋಡುತ್ತಿರಲಿಲ್ಲ. ಬ್ಯಾಗಿನಿಂದ ಪೆನ್ನು ತೆಗೆದು, ಚೌಕದ ತೋಟದ ಚಿತ್ರವನ್ನು ಅಡ್ಡ ಗೀಟು ಹಾಕಿ ಹೊಡೆದುಹಾಕಿ, ಕಾಗದದ ಹಿಂದೆ ಏನೋ ಬರೆಯತೊಡಗಿದಳು. ಪಿಕಪ್ ಕುಲುಕಿದಾಗಲೆಲ್ಲ ಅಕ್ಷರ ಹಾರುತ್ತಿತ್ತು. ಫ್ರಿಜ್ಜಿಗೆ, ವಾಷಿಂಗ್ ಮೆಷಿನ್ನಿಗೆ ಇಷ್ಟು ದಿನ ಕಲಿಸಿದ ಪಾಠವನ್ನು ಅವಳು ಈಗ ಬಿಟ್ಟುಕೊಡುತ್ತಿದ್ದಳು. ಬೇಡ ಮಾರಾಯ್ತಿ ಎನ್ನಬೇಕೆಂದಿದ್ದೆ, ಅವಳ ಮುಖ ನೋಡಿ ಕಾಗದ ಅಲುಗದ ಹಾಗೆ ಅದರ ತುದಿ ಹಿಡಿದುಕೊಂಡೆ.

ಶಾಲೆಯ ಗೇಟು ಮುಟ್ಟಿದಾಗ ಬೆಲ್ಲು ಹೊಡೆಯುತ್ತಿತ್ತು. ಶಶಿ ಇಳಿದು, ಸೀರೆಗೆ ಅಂಟಿದ್ದ ಒಂದು ಎಸಳು ಕೊತ್ತಂಬರಿ ಕಿತ್ತು ಹಾಕಿ, ಹಿಂತಿರುಗಿ ನೋಡದೆ ಓಡಿದಳು. ಸೀರೆಯಲ್ಲಿ ಅವಳು ಹಾಗೆ ಓಡಿದ್ದನ್ನು ನಾನು ನೋಡಿರಲಿಲ್ಲ. ಮಾಲು ಇಳಿಸಿ ಬರುತ್ತೇನೆ ಎಂದು ಮೊಯ್ದಿನಾಕ ಅಲ್ ಮೀನಾಕ್ಕೆ ಹೋದರು. ಗೇಟಿನ ಎದುರಿಗೆ ಒಂದು ಮಲಯಾಳಿ ಕೆಫೆಟೇರಿಯಾ, ಅದರ ಹೊರಗಿನ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ನಾನೂ ಮಾವನೂ ಕುಳಿತೆವು.

ಕಡಕ್ ಚಹಾ ತಂದುಕೊಟ್ಟೆ. ಮಾವ ಎಡಗೈ ಚಾಚಿ ತೆಗೆದುಕೊಂಡರು. ಊಟ, ನೀರು, ಕೊಡುವುದು, ಕೊಳ್ಳುವುದು ಎಲ್ಲ ಬಲಗೈಯಲ್ಲೇ ಆಗಬೇಕೆಂದು ದಿಶಾಳಿಗೆ ಗದರುವ ಮನುಷ್ಯ. ವಯಸ್ಸಾಯಿತು, ತಲೆ ಎಲ್ಲೋ ಇದೆ ಎಂದುಕೊಂಡೆ.

“ನನ್ನ ಟಿಕೆಟು ಸ್ವಲ್ಪ ಬೇಗದ್ದಕ್ಕೆ ಮಾಡ್ತೀರಾ?” ಎಂದು ಕೇಳಿದರು.

“ಯಾಕೆ ಮಾವ? ಇನ್ನೂ ದಿನ ಉಂಟಲ್ಲ.”

“ನಾನಿದ್ರೆ ನಿಮ್ಗೆ ಉಪದ್ರವೇ. ನೀವು ಇಬ್ರೂ ರಾತ್ರಿ ಗಂಜಿ ತಿನ್ನುದಿಲ್ಲ, ಕಲಸ್ತಾ ಕೂತಿರ್ತೀರಿ, ನಾನು ನೋಡುದಿಲ್ವಾ? ನಾನೆಂತ ಮಾಡ್ಬಹುದು ಇಲ್ಲಿ? ಭಾಷೆ ಬರುದಿಲ್ಲ, ರೋಡು ಗೊತ್ತಿಲ್ಲ. ಗಾಡಿ ಒಂದು ಗೊತ್ತುಂಟು ಅಂತ ಎಣಿಸಿದ್ದೆ.” ಚಹಾ ಕುಡಿಯದೆ ಗೇಟನ್ನು ನೋಡಿದರು. “ಅವಳಿಗೆ ಕೆಲಸ ಸಿಕ್ಕದಿದ್ರೆ, ನೀವೆಲ್ಲ ವಾಪಾಸು ಬರ್ಬೇಕಾದ್ರೆ, ಅದು ನನ್ನಿಂದ ಆಯ್ತು ಅಂತ ಆಗ್ತದೆ. ನೀವು ಹೇಳುದಿಲ್ಲ. ಆದ್ರೆ ಆಗ್ತದೆ.”

ಹಾಗೇನಿಲ್ಲ ಮಾವ ಎಂದೆ. ನನ್ನ ಮಾತನ್ನು ನಾನೇ ನಂಬಲಿಲ್ಲ. ಏಕೆಂದರೆ ಅವರು ಹೇಳಿದ್ದು ನಿಜವಾಗಿತ್ತು. ಅವತ್ತು ಅವಳು ಸೋತು ಹೊರಬಂದಿದ್ದರೆ ನಾವು ಯಾರೂ ಬಾಯಿ ಬಿಡುತ್ತಿರಲಿಲ್ಲ, ಆದರೆ ಆ ಸುಟ್ಟ ವಯರಿನ ವಾಸನೆ ನಮ್ಮ ಮನೆಯಿಂದ ಹೋಗುತ್ತಿರಲಿಲ್ಲ. ಇಬ್ಬರೂ ಗೇಟು ನೋಡುತ್ತಾ ಕುಳಿತೆವು. ಮಂಜು ಕರಗಿ ಬಿಸಿಲು ಬಂತು. ನಾನು ಸ್ವೆಟರು ಬಿಚ್ಚಿದೆ, ಮಾವ ಬಿಚ್ಚಲಿಲ್ಲ. ಒಳಗಿನಿಂದ ಮಕ್ಕಳ ಗಲಾಟೆ ಒಮ್ಮೆ ದೊಡ್ಡದಾಗಿ ಕೇಳಿ ನಿಂತಿತು. ಅದು ಅವಳ ಕ್ಲಾಸೇ ಇರಬಹುದೇ, ಇದ್ದರೆ ಅದು ಒಳ್ಳೆಯದಕ್ಕೋ ಕೆಟ್ಟದ್ದಕ್ಕೋ ಎಂದು ನನ್ನೊಳಗೇ ವಾದ ಮಾಡಿಕೊಂಡೆ.

ಕೆಲಸ ಸಿಕ್ಕಿತು ಎಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ, ನಿಮ್ಮನ್ನು ಸುಮ್ಮನೆ ಸತಾಯಿಸುವುದಿಲ್ಲ. ಅದೇ ವಾರ ಫೋನು ಬಂತು, ನಾವು ಇಲ್ಲೇ ಉಳಿದೆವು. ಈಗ ನಾನು ಹೆಂಡತಿಯ ವೀಸಾದಲ್ಲಿರುವ ಗಂಡ, ಕೇಳಿದವರಿಗೆ ಜಂಬದಿಂದಲೇ ಹೇಳುತ್ತೇನೆ. ಆದರೆ ಅವತ್ತು ಗೇಟಿನಿಂದ ಹೊರಬಂದ ಶಶಿಗೆ ಇದೇನೂ ಗೊತ್ತಿರಲಿಲ್ಲ. ತಿಳಿಸುತ್ತೇವೆ ಎಂದಷ್ಟೇ ಅವಳಿಗೆ ಹೇಳಿದ್ದರು.

ಅವಳು ನಿಧಾನವಾಗಿ ರಸ್ತೆ ದಾಟಿ ಬಂದಳು. ನಾನು ಎದ್ದು ನಿಂತು ಏನಾಯಿತು ಎಂದು ಕೇಳಿದೆ. ಅವಳು ನನ್ನನ್ನು ದಾಟಿ ಮಾವನ ಎದುರಿಗೆ ಹೋಗಿ ನಿಂತಳು. ಮಾವ ಎದ್ದರು, ಶಿಕ್ಷೆಗೆ ನಿಂತ ಹುಡುಗನ ಹಾಗೆ.

“ಅಪ್ಪಾ, ಇವತ್ತಿನ ಕಥೆಯನ್ನೇ ಕ್ಲಾಸಿನಲ್ಲಿ ಹೇಳಿದೆ,” ಎಂದಳು.

ಮಾವ ಕೇಳಿದರು, “ಯಾರೋ ಒಬ್ಬ ಮುದುಕ ಅಂತ ಹೇಳಿದ್ಯಲ್ಲ?”

“ಇಲ್ಲ. ನನ್ನ ಅಪ್ಪ ಅಂತ್ಲೇ ಹೇಳಿದೆ. ನನ್ಗೆ ಇವತ್ತು ಪರೀಕ್ಷೆ ಅಂತ ನನ್ನ ಅಪ್ಪ ಎಲ್ಲರಿಗಿಂತ ಮೊದ್ಲು ಎದ್ದು ಕಾರು ಬಿಸಿ ಮಾಡ್ಲಿಕ್ಕೆ ಹೋದ್ರು, ಕರೆಂಟು ಎರಡು ಪಾಲಿತ್ತು, ವಯರು ಯಾಕೆ ಕರಗಿತು ಹೇಳಿ ಅಂತ ಕೇಳಿದೆ. ಅರ್ಧ ಕ್ಲಾಸು ಎರಡು ಪಾಲು ಅಂತ, ಅರ್ಧ ಕ್ಲಾಸು ನಾಲ್ಕು ಪಾಲು ಅಂತ. ದೊಡ್ಡ ಜಗಳ. ಅವರೇ ಬೋರ್ಡಿಗೆ ಬಂದು ಮಾಡಿದ್ರು.”

“ನಗಾಡಿದ್ರಾ?”

“ನಗಾಡಿದ್ರು.”

“ಹಾಂ,” ಎಂದರು ಮಾವ. ತಲೆ ಆಡಿಸಿದರು. “ನಗಾಡ್ಲಿ. ಒಳ್ಳೇದಾಯ್ತು.”

“ಎಲ್ಲ ಮುಗಿದ ಮೇಲೆ ಹಿಂದಿನ ಬೆಂಚಿನ ಒಂದು ಹುಡುಗಿ ಕೈ ಎತ್ತಿದ್ಳು,” ಎಂದಳು ಶಶಿ. “ಮಿಸ್, ನಿಮ್ಮ ಅಪ್ಪನಿಗೆ ಏನಾದ್ರೂ ಆಯ್ತಾ ಅಂತ ಕೇಳಿದ್ಳು. ವಯರು ಕರಗಿದ್ರೆ ಅದನ್ನು ಎಳೆದವರು ಯಾರು, ಅವರ ಕೈಗೆ ಏನಾಯ್ತು ಅಂತ. ನನ್ಗೆ ಉತ್ತರ ಗೊತ್ತಿರ್ಲಿಲ್ಲ. ಪ್ರಿನ್ಸಿಪಾಲರು ನೋಡ್ತಿದ್ರು.”

ಅವಳು ಕೈ ಚಾಚಿದಳು. “ಜೇಬಿನಿಂದ ಕೈ ತೆಗೀರಿ ಅಪ್ಪಾ.”

“ಎಂತ ಇಲ್ಲ, ಚಳಿ,” ಎಂದರು ಮಾವ. ಬಿಸಿಲು ಮುಖಕ್ಕೆ ಹೊಡೆಯುತ್ತಿತ್ತು.

ಅವಳೇ ಅವರ ಮಣಿಕಟ್ಟು ಹಿಡಿದು ಮೆಲ್ಲಗೆ ಹೊರಗೆಳೆದಳು. ಬಲಗೈಯ ಅಂಗೈಗೆ ಅಡ್ಡಲಾಗಿ, ಹೆಬ್ಬೆರಳಿನ ಬುಡದಿಂದ ಕಿರುಬೆರಳಿನವರೆಗೆ, ವಯರಿನಷ್ಟೇ ಅಗಲಕ್ಕೆ ಚರ್ಮ ಸುಟ್ಟು ಬೊಬ್ಬೆ ಎದ್ದಿತ್ತು. ಕರಗಿದ ಕಪ್ಪು ರಬ್ಬರು ಅಲ್ಲಲ್ಲಿ ಇನ್ನೂ ಅಂಟಿತ್ತು, ಸ್ವೆಟರಿನ ನೂಲೂ ಅಂಟಿತ್ತು. ಮನೆಯಿಂದ ಇಲ್ಲಿಯವರೆಗಿನ ಅಷ್ಟು ದಾರಿ ಅವರು ಅದನ್ನು ಜೇಬಿನಲ್ಲಿಟ್ಟುಕೊಂಡು ಬಂದಿದ್ದರು. ನಾನು ಕೆಫೆಟೇರಿಯಾದವನಲ್ಲಿ ತಣ್ಣೀರು ಕೇಳಲು ಓಡಿದೆ. ತಿರುಗಿ ಬಂದಾಗ ಶಶಿ ಆ ಕೈಯನ್ನು ತನ್ನ ಎರಡೂ ಅಂಗೈಗಳ ಮೇಲೆ ಇಟ್ಟುಕೊಂಡು, ಮುಟ್ಟಲೂ ಆಗದೆ ಬಿಡಲೂ ಆಗದೆ ನಿಂತು, ರಸ್ತೆಯ ಬದಿ ಎಂಬುದನ್ನೂ ಮರೆತು ಅಳುತ್ತಿದ್ದಳು.

“ಹೇಳ್ಬಾರ್ದಿತ್ತಾ ಅಪ್ಪಾ? ಒಂದು ಮಾತು ಹೇಳ್ಬಾರ್ದಿತ್ತಾ?”

“ಹೇಳಿದ್ರೆ ನೀನು ಆಸ್ಪತ್ರೆಗೆ ಹೋಗುವಾ ಅಂತಿದ್ದಿ,” ಎಂದರು ಮಾವ. “ಕ್ಲಾಸು ತಪ್ಪಿಹೋಗ್ತಿತ್ತು.”